‘ಬಾಪ್ತೀಜೊ’ ಎಂಬ ಗ್ರೀಕ್ ಕ್ರಿಯಾಪದವೂ ನಮ್ಮ ಜ್ಞಾನಸ್ನಾನವೂ

ಔರಾದ ತಾಲೂಕು ಮೂರು ನಾಡುಗಳು ಕೂಡುವ ಮೂಲೆ. ಪಶ್ಚಿಮಕ್ಕೆ ಉದಗೀರ, ಉತ್ತರಕ್ಕೆ ದೇಗಲೂರು, ಪೂರ್ವಕ್ಕೆ ನಾರಾಯಣಖೇಡ. ನಮ್ಮ ಧರ್ಮಕೇಂದ್ರದ ಮನೆಮನೆಗಳಲ್ಲಿ ಕನ್ನಡದ ಜೊತೆಗೆ ಮರಾಠಿ, ತೆಲುಗು, ದಖ್ಖನಿ ಮಾತುಗಳು ಬೆರೆತು ನಡೆಯುತ್ತವೆ. ಆದ್ದರಿಂದ ಧರ್ಮಸಭೆಯ ಸಂಸ್ಕಾರಗಳಲ್ಲಿ ಮೊದಲನೆಯದಾದ ಒಂದೇ ಸಂಸ್ಕಾರಕ್ಕೆ ನಮ್ಮ ಜನರ ಬಾಯಲ್ಲಿ ಹಲವು ಹೆಸರುಗಳಿವೆ. ಹಿರಿಯ ಕಥೋಲಿಕರು ಜ್ಞಾನಸ್ನಾನ ಎನ್ನುತ್ತಾರೆ. ಮೆಥೋಡಿಸ್ಟ್ ಸಭೆಯ ಬಂಧುಗಳು ದೀಕ್ಷಾಸ್ನಾನ ಎನ್ನುತ್ತಾರೆ. ಮರಾಠಿ ಮತ್ತು ಉರ್ದು ಬೈಬಲನ್ನು ಓದುವವರಿಗೆ ಅದು ಬಾಪ್ತಿಸ್ಮಾ, ತೆಲುಗು ಬೈಬಲನ್ನು ಓದುವವರಿಗೆ ಬಾಪ್ತಿಸ್ಮಮು. ಕಥೋಲಿಕರೂ ಇತರ ಕ್ರೈಸ್ತರೂ ಕೂಡಿ ಸಿದ್ಧಪಡಿಸಿದ ಕನ್ನಡ ಬೈಬಲಿನಲ್ಲಿ ಸ್ನಾನದೀಕ್ಷೆ ಎಂದು ಅಚ್ಚಾಗಿದೆ. ಹೆಸರು ಯಾವುದೇ ಇರಲಿ, ಎಲ್ಲದರ ಹಿಂದೆ ನಿಂತಿರುವುದು ಒಂದೇ ಗ್ರೀಕ್ ಕ್ರಿಯಾಪದ: ‘ಬಾಪ್ತೀಜೊ’. ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಆ ಒಂದು ಶಬ್ದದ ಚರಿತ್ರೆಯನ್ನು ಬರೆಯಲು ನಾವು ಉದ್ದೇಶಿಸಿದ್ದೇವೆ.

ಶಬ್ದದ ಚರ್ಚೆ ಪಂಡಿತರ ಕಾಲಹರಣವೆಂದು ಯಾರಾದರೂ ಭಾವಿಸಿದರೆ ಅದು ಸರಿಯಲ್ಲ. ಕೆಲವು ವರ್ಷಗಳಿಂದ ನಮ್ಮ ಗ್ರಾಮಗಳಿಗೆ ಬರುವ ಬೋಧಕರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಾರೆ: ‘ಗ್ರೀಕ್ ಭಾಷೆಯಲ್ಲಿ ಬಾಪ್ತಿಸ್ಮ ಎಂದರೆ ಮುಳುಗಿಸುವುದು. ನಿಮ್ಮ ತಲೆಯ ಮೇಲೆ ಮೂರು ಹನಿ ನೀರು ಹಾಕಿದ್ದು ಬಾಪ್ತಿಸ್ಮವೇ ಅಲ್ಲ. ಕೆರೆಗೆ ಬನ್ನಿ.’ ಇದನ್ನು ಕೇಳಿ ಕಳವಳಗೊಂಡು, ತಮ್ಮ ತಂದೆತಾಯಿಗಳು ಸಂಸ್ಕಾರವಿಲ್ಲದೆಯೇ ಸತ್ತರೇನೋ ಎಂದು ಕಣ್ಣೀರಿಟ್ಟವರನ್ನು ನಾವು ಕಂಡಿದ್ದೇವೆ. ಒಂದೇ ಮನೆಯಲ್ಲಿ ಅಣ್ಣ ಕೆರೆಗೆ ಹೋಗಿ ಬಂದು, ತಮ್ಮನೊಡನೆ ಪ್ರಾರ್ಥನೆಗೆ ಕೂರುವುದನ್ನು ಬಿಟ್ಟದ್ದೂ ಉಂಟು. ಅಂಥವರಿಗೆ ‘ಸುಮ್ಮನಿರಿ, ಗುರುಗಳು ಮಾಡಿದ್ದು ಸರಿ’ ಎಂದು ಹೇಳಿ ಕಳುಹಿಸುವುದು ನಮಗೆ ಸಾಲದೆಂದು ತೋರಿತು. ಕೇಳಿದ ಪ್ರಶ್ನೆ ಶಬ್ದದ ಪ್ರಶ್ನೆ. ಉತ್ತರವೂ ಶಬ್ದದಿಂದಲೇ ಹೊರಡಬೇಕು.

ಮೊದಲಿಗೇ ಒಂದು ಮಾತನ್ನು ಒಪ್ಪಿಕೊಂಡುಬಿಡೋಣ. ಬಾಪ್ತೀಜೊ ಎಂದರೆ ಮುಳುಗಿಸು ಎಂಬುದು ನಿಜವೇ. ಗ್ರೀಕರಲ್ಲಿ ‘ಬಾಪ್ತೊ’ ಎಂಬ ಚಿಕ್ಕ ಕ್ರಿಯಾಪದವೊಂದಿತ್ತು. ಅದರ ಅರ್ಥ ಅದ್ದು. ಬಟ್ಟೆಯನ್ನು ಬಣ್ಣದಲ್ಲಿ ಅದ್ದುವವರು ಬಳಸುತ್ತಿದ್ದ ಮಾತೂ ಇದೇ. ಹೊಸ ಒಡಂಬಡಿಕೆಯಲ್ಲಿ ಈ ಬಾಪ್ತೊ ಮೂರು ಕಡೆ ಮಾತ್ರ ಬರುತ್ತದೆ: ಲಾಜರನು ಬೆರಳ ತುದಿಯನ್ನು ನೀರಿನಲ್ಲಿ ಅದ್ದಿ ತರಲೆಂದು ಐಶ್ವರ್ಯವಂತನು ಬೇಡುವಲ್ಲಿ, ಕಡೆಯ ಭೋಜನದಲ್ಲಿ ಪ್ರಭು ರೊಟ್ಟಿಯ ತುಂಡನ್ನು ಅದ್ದಿ ಯೂದನಿಗೆ ಕೊಡುವಲ್ಲಿ, ಹಾಗೂ ಪ್ರಕಟಣೆಯ ಗ್ರಂಥದಲ್ಲಿ ರಕ್ತದಲ್ಲಿ ಅದ್ದಿದ ವಸ್ತ್ರದ ಪ್ರಸ್ತಾಪವಿರುವಲ್ಲಿ. ಸಂಸ್ಕಾರದ ಅರ್ಥದಲ್ಲಿ ಅದು ಒಮ್ಮೆಯೂ ಬಂದಿಲ್ಲ. ಆ ಸ್ಥಾನವನ್ನು ಪಡೆದದ್ದು ಅದರಿಂದ ಹುಟ್ಟಿದ, ಇನ್ನೂ ಬಲವಾದ ಬಾಪ್ತೀಜೊ. ಇದು ಹೊಸ ಒಡಂಬಡಿಕೆಯಲ್ಲಿ ಸುಮಾರು 77 ಸಲ ಬರುತ್ತದೆ. ಅದ್ದು ಮತ್ತು ಮುಳುಗಿಸು ಇವೆರಡಕ್ಕೆ ಕನ್ನಡದಲ್ಲಿ ಇರುವಷ್ಟೇ ಅಂತರ ಅಲ್ಲಿಯೂ ಇದೆ. ರೊಟ್ಟಿಯನ್ನು ಸಾರಿನಲ್ಲಿ ಅದ್ದುತ್ತೇವೆ, ಮತ್ತೆ ಎತ್ತುತ್ತೇವೆ. ಹಡಗು ಅದ್ದುವುದಿಲ್ಲ, ಮುಳುಗುತ್ತದೆ.

ಹಡಗಿನ ಉದಾಹರಣೆ ನಾವು ಕಟ್ಟಿದ್ದಲ್ಲ. ಚರಿತ್ರಕಾರನಾದ ಪೊಲಿಬಿಯಸನು ಕಡಲ ಯುದ್ಧದಲ್ಲಿ ಹಡಗುಗಳು ಮುಳುಗಿದ್ದನ್ನು ಇದೇ ಕ್ರಿಯಾಪದದಿಂದ ವರ್ಣಿಸಿದ್ದಾನೆ. ಯೆಹೂದ್ಯ ಚರಿತ್ರಕಾರನಾದ ಜೋಸೆಫಸನು, ಹೆರೋದ ಮಹಾರಾಜನ ಅಪ್ಪಣೆಯಂತೆ ಯುವಕನಾದ ಮಹಾಯಾಜಕ ಅರಿಸ್ತೊಬೂಲನನ್ನು ಜೆರಿಕೊವಿನ ಕೊಳದಲ್ಲಿ, ಆಟದ ನೆವದಿಂದ ನೀರಿನಡಿಗೆ ಒತ್ತಿ ಒತ್ತಿ ಕೊಂದುದನ್ನು ಹೇಳುವಾಗಲೂ ಇದೇ ಮಾತನ್ನು ಬಳಸಿದ್ದಾನೆ. ನೀರೇ ಇಲ್ಲದ ಕಡೆಯೂ ಈ ಶಬ್ದ ಬರುತ್ತಿತ್ತು. ಪ್ಲೇಟೊವಿನ ಔತಣದ ಸಂವಾದದಲ್ಲಿ ಅರಿಸ್ತೊಫನೀಸನು ಹಿಂದಿನ ರಾತ್ರಿ ದ್ರಾಕ್ಷಾರಸದಲ್ಲಿ ತಾನೂ ಮುಳುಗಿದವನೆಂದು ನಗುತ್ತಾನೆ. ಪ್ಲೂಟಾರ್ಕನು ರೋಮಿನ ಒಥೊ ಎಂಬವನನ್ನು ಕುರಿತು, ಐದು ಕೋಟಿಯ ಸಾಲದಲ್ಲಿ ಮುಳುಗಿದ್ದವನೆಂದು ಬರೆಯುತ್ತಾನೆ. ಅಲ್ಲಿಯ ಕ್ರಿಯಾಪದವೂ ಬಾಪ್ತೀಜೊ. ಇದಕ್ಕೆ ನಮ್ಮ ರೈತರಿಗೆ ವ್ಯಾಖ್ಯಾನ ಬೇಕಾಗಿಲ್ಲ. ಮಳೆ ಕೈಕೊಟ್ಟ ವರ್ಷ ತೊಗರಿ ಬಿತ್ತಿದವನು ಸಾಲದಲ್ಲಿ ಮುಳುಗಿದ ಎಂದು ನಾವೂ ಹೇಳುತ್ತೇವೆ. ಗ್ರೀಕನೂ ಕನ್ನಡಿಗನೂ ಇಲ್ಲಿ ಒಂದೇ ಮಾತು ಆಡುತ್ತಾರೆ: ತನಗಿಂತ ದೊಡ್ಡದಾದ ಒಂದು ಶಕ್ತಿಯ ಅಡಿಗೆ ಮನುಷ್ಯನು ಸಂಪೂರ್ಣವಾಗಿ ಹೋಗಿಬಿಡುವುದು.

ಈ ಲೌಕಿಕ ಶಬ್ದ ದೇವರ ವಾಕ್ಯದೊಳಗೆ ಬಂದದ್ದು ಕ್ರಿಸ್ತಪೂರ್ವ ಶತಮಾನಗಳಲ್ಲಿ, ಹಳೆಯ ಒಡಂಬಡಿಕೆಯನ್ನು ಹಿಬ್ರೂವಿನಿಂದ ಗ್ರೀಕಿಗೆ ತಂದ ಎಪ್ಪತ್ತು ಮಂದಿಯ ಅನುವಾದವೆಂದು ಪ್ರಸಿದ್ಧವಾದ ಗ್ರಂಥದ ಮೂಲಕ. ಕುಷ್ಠರೋಗಿಯಾದ ಸಿರಿಯದ ಸೇನಾಪತಿ ನಾಮಾನನು ಪ್ರವಾದಿ ಎಲೀಷನ ಮಾತಿನಂತೆ ಜೋರ್ಡನ್ ನದಿಯಲ್ಲಿ ಏಳು ಸಲ ಮುಳುಗಿ ಎದ್ದನೆಂಬಲ್ಲಿ ಬಾಪ್ತೀಜೊ ಇದೆ. ಯೆಶಾಯನ ಗ್ರಂಥದಲ್ಲಿ ಅಧರ್ಮವು ತನ್ನನ್ನು ಮುಳುಗಿಸುತ್ತಿದೆಯೆಂಬ ಅರ್ಥದಲ್ಲಿಯೂ ಇದೆ. ನಮ್ಮ ಕಥೋಲಿಕ ಬೈಬಲಿನಲ್ಲಿ ಮಾತ್ರ ಇರುವ ಗ್ರಂಥಗಳಲ್ಲಿ ಇನ್ನೆರಡು ಪ್ರಯೋಗಗಳು ಸಿಗುತ್ತವೆ, ಅವು ಬಹಳ ಉಪಯುಕ್ತವಾದವು. ಯೂದಿತಳು ಶತ್ರುಗಳ ಪಾಳೆಯದಲ್ಲಿದ್ದಾಗ ಪ್ರತಿ ರಾತ್ರಿ ಬುಗ್ಗೆಯ ಬಳಿಗೆ ಹೋಗಿ ತನ್ನನ್ನು ಶುದ್ಧಿಪಡಿಸಿಕೊಳ್ಳುತ್ತಿದ್ದಳು. ಸಿರಾಖನು ಹೆಣವನ್ನು ಮುಟ್ಟಿ ಮೈಲಿಗೆಯಾದವನು ತೊಳೆದುಕೊಳ್ಳುವ ಪ್ರಸ್ತಾಪ ಮಾಡುತ್ತಾನೆ. ಎರಡೂ ಕಡೆ ಇದೇ ಶಬ್ದ. ಅಂದರೆ ನಮ್ಮ ಪ್ರಭುವಿನ ಕಾಲಕ್ಕೆ ಮುಂಚೆಯೇ, ಯೆಹೂದ್ಯರ ಬಾಯಲ್ಲಿ ಬಾಪ್ತೀಜೊ ಹಡಗಿನ ಲೋಕವನ್ನು ಬಿಟ್ಟು ಮಡಿ-ಮೈಲಿಗೆಯ ಲೋಕಕ್ಕೆ ಬಂದಿತ್ತು. ಮುಳುಗು ಎಂಬ ಅರ್ಥದ ಮಗ್ಗುಲಲ್ಲೇ ಶುದ್ಧಿಗಾಗಿ ಮೀಯು ಎಂಬ ಅರ್ಥವೂ ಬಂದು ಕುಳಿತಿತ್ತು.

ಈ ಕಾರಣದಿಂದಲೇ ಶುಭಸಂದೇಶಗಳಲ್ಲಿ ಕೆಲವೆಡೆ ‘ಮುಳುಗಿಸು’ ಎಂದರೆ ಅರ್ಥ ಸರಿಹೋಗುವುದಿಲ್ಲ. ಸಂತ ಲೂಕನು ಬರೆಯುವಂತೆ, ಯೇಸುವನ್ನು ಊಟಕ್ಕೆ ಕರೆದ ಫರಿಸಾಯನೊಬ್ಬನು ಪ್ರಭು ಊಟಕ್ಕೆ ಮುಂಚೆ ತೊಳೆದುಕೊಳ್ಳಲಿಲ್ಲವೆಂದು ಬೆರಗಾಗುತ್ತಾನೆ. ಅಲ್ಲಿರುವ ಕ್ರಿಯಾಪದ ಬಾಪ್ತೀಜೊ. ಊಟಕ್ಕೆ ಕರೆದ ಅತಿಥಿ ಬಾವಿಗೆ ಇಳಿದು ಮುಳುಗಿ ಬರಬೇಕೆಂದು ಆತ ಬಯಸಿದನೆನ್ನುವುದು ಕಷ್ಟ. ಸಂತ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ಇಸ್ರಯೇಲರೆಲ್ಲರೂ ಮೇಘದಲ್ಲಿಯೂ ಸಮುದ್ರದಲ್ಲಿಯೂ ಮೋಶೆಯೊಡನೆ ಒಂದಾಗುವಂತೆ ಬಾಪ್ತಿಸ್ಮ ಪಡೆದರೆಂದು ಹೇಳುತ್ತಾನೆ. ಆದರೆ ವಿಮೋಚನಕಾಂಡದ ಪ್ರಕಾರ ಅವರು ಒಣನೆಲದ ಮೇಲೆ ನಡೆದು ದಾಟಿದರು. ಅಂದು ಮುಳುಗಿದವರು ಫರೋಹನ ಸೈನಿಕರು! ಪವಿತ್ರಾತ್ಮರ ಮಾತಂತೂ ಇನ್ನೂ ಸ್ಪಷ್ಟ. ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ ಪುನರುತ್ಥಾನರಾದ ಪ್ರಭು, ಶಿಷ್ಯರು ಪವಿತ್ರಾತ್ಮರಿಂದ ಬಾಪ್ತಿಸ್ಮ ಪಡೆಯುವರೆಂದು ವಾಗ್ದಾನ ಮಾಡುತ್ತಾರೆ. ಎರಡನೆಯ ಅಧ್ಯಾಯದಲ್ಲಿ ಅದು ನೆರವೇರಿದಾಗ ಸಂತ ಪೇತ್ರನು ಅದನ್ನು ವಿವರಿಸಲು ಆರಿಸಿಕೊಂಡ ಕ್ರಿಯಾಪದ ಸುರಿಸು ಎಂಬುದು. ಸುರಿದದ್ದನ್ನೇ ಬಾಪ್ತಿಸ್ಮವೆಂದು ಪ್ರಭುವೇ ಕರೆದಿರುವಾಗ, ನೀರನ್ನು ಸುರಿದರೆ ಬಾಪ್ತಿಸ್ಮವಾಗದೆಂದು ಹೇಳುವುದು ಹೇಗೆ?

ಹೀಗೆಂದು ಮುಳುಗಿಸುವ ರೂಢಿ ಇರಲೇ ಇಲ್ಲವೆಂದು ವಾದಿಸುವವರ ಪಕ್ಷವನ್ನೂ ನಾವು ಹಿಡಿಯುವುದಿಲ್ಲ. ಫಿಲಿಪನೂ ಇಥಿಯೋಪಿಯದ ಕಂಚುಕಿಯೂ ನೀರಿನೊಳಕ್ಕೆ ಇಳಿದು, ನೀರಿನಿಂದ ಮೇಲಕ್ಕೆ ಬಂದರೆಂದು ಗ್ರಂಥವೇ ಹೇಳುತ್ತದೆ. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ಮಾತ್ರ ನಡುರಾತ್ರಿಯಲ್ಲಿ, ಮನೆಮಂದಿಯೊಡನೆ, ಸಿಕ್ಕಿದ ನೀರಿನಲ್ಲಿ ಸಂಸ್ಕಾರ ಪಡೆದನು. ಎರಡೂ ಉಂಟು.

ಆದರೆ ನೀರಿನ ಆಳವನ್ನು ಅಳೆಯುವ ಈ ವಾದದಲ್ಲಿ ಎರಡು ಪಕ್ಷದವರೂ ಗಮನಿಸದೆ ಹೋಗುವ ಸಂಗತಿಯೊಂದಿದೆ. ನಾಮಾನನು ತಾನೇ ಮುಳುಗಿದನು. ಯೂದಿತಳು ತಾನೇ ಮಿಂದಳು. ಯೆಹೂದ್ಯರ ಶುದ್ಧಿಸ್ನಾನಗಳೆಲ್ಲ ತನಗೆ ತಾನೇ ಮಾಡಿಕೊಳ್ಳುವಂಥವು. ಜೋರ್ಡನ್ ದಂಡೆಯಲ್ಲಿ ಯೊವಾನ್ನನು ಬಂದು ನಿಂತಾಗ ಜನರಿಗೆ ಹೊಸದಾಗಿ ಕಂಡದ್ದು ಇದು: ಇಲ್ಲಿ ಒಬ್ಬನು ಇನ್ನೊಬ್ಬನಿಗೆ ಸ್ನಾನ ಮಾಡಿಸುತ್ತಿದ್ದಾನೆ. ಈ ಹೊಸತನಕ್ಕಾಗಿಯೇ ಆತನಿಗೆ ‘ಬಾಪ್ತಿಸ್ತ’ ಎಂಬ ಅಡ್ಡಹೆಸರು ಬಿತ್ತು. ಜೋಸೆಫಸನಿಗೂ ಆತನು ಆ ಹೆಸರಿನಿಂದಲೇ ಪರಿಚಿತ. ನಮ್ಮ ಕನ್ನಡದಲ್ಲಿ ಸ್ನಾನಿಕ ಯೊವಾನ್ನನೆಂದು ಹೇಳುತ್ತೇವೆ. ಆಮೇಲೆ ಹೊಸ ಒಡಂಬಡಿಕೆಯಲ್ಲಿ ಸಂಸ್ಕಾರ ಪಡೆಯುವವರ ವಿಷಯ ಬಂದಾಗ ಈ ಕ್ರಿಯಾಪದ ಹೆಚ್ಚಾಗಿ ಕರ್ಮಣಿ ಪ್ರಯೋಗದಲ್ಲಿಯೇ ನಿಲ್ಲುತ್ತದೆ. ಕನ್ನಡದಲ್ಲಿ ಕರ್ಮಣಿ ಪ್ರಯೋಗ ಕಿವಿಗೆ ಹಿತವಲ್ಲ, ಆದ್ದರಿಂದ ನಾವು ‘ಪಡೆದರು’, ‘ಹೊಂದಿದರು’ ಎಂದು ಬರೆಯುತ್ತೇವೆ. ಹಾಗೆ ಬರೆದಾಗ ಮನುಷ್ಯನು ಕೈಚಾಚಿ ಏನನ್ನೋ ತೆಗೆದುಕೊಂಡಂತೆ ಕೇಳುತ್ತದೆ. ಮೂಲದಲ್ಲಿ ಮನುಷ್ಯನು ಏನನ್ನೂ ಮಾಡುತ್ತಿಲ್ಲ, ಅವನಿಗೆ ಮಾಡಲಾಗುತ್ತಿದೆ.

ಇದನ್ನು ಪೂರ್ತಿಯಾಗಿ ತೋರಿಸುವ ಸ್ಥಳ ಸಂತ ಮಾರ್ಕನ ಶುಭಸಂದೇಶದ ಹತ್ತನೆಯ ಅಧ್ಯಾಯ. ಜೆಬೆದಾಯನ ಮಕ್ಕಳಾದ ಯಕೋಬ ಮತ್ತು ಯೊವಾನ್ನರು ಮಹಿಮೆಯ ರಾಜ್ಯದಲ್ಲಿ ಎಡಬಲದ ಆಸನಗಳನ್ನು ಕೇಳುತ್ತಾರೆ. ತಾವು ಕುಡಿಯುವ ಪಾತ್ರೆಯಿಂದ ಕುಡಿಯಲು, ತಮಗಾಗುವ ಬಾಪ್ತಿಸ್ಮಕ್ಕೆ ಒಳಗಾಗಲು ಅವರಿಂದಾದೀತೇ ಎಂದು ಪ್ರಭು ಮರುಪ್ರಶ್ನೆ ಹಾಕುತ್ತಾರೆ. ಜೋರ್ಡನ್ನಿನ ಸ್ನಾನ ಆಗಲೇ ಮುಗಿದು ಎಷ್ಟೋ ಕಾಲವಾಗಿತ್ತು. ಇಲ್ಲಿ ಹೇಳುತ್ತಿರುವುದು ಶಿಲುಬೆಯ ವಿಷಯ. ಸಂತ ಲೂಕನ ಹನ್ನೆರಡನೆಯ ಅಧ್ಯಾಯದಲ್ಲಿಯೂ ಪ್ರಭು ತಮಗೆ ಇನ್ನೂ ಆಗಬೇಕಾಗಿರುವ ಒಂದು ಬಾಪ್ತಿಸ್ಮವುಂಟೆಂದು, ಅದು ಮುಗಿಯುವ ತನಕ ತಮಗೆ ಎಂಥ ಸಂಕಟವೆಂದು ಹೇಳಿಕೊಳ್ಳುತ್ತಾರೆ. ಈ ಎರಡು ಕಡೆ ‘ದೀಕ್ಷಾಸ್ನಾನ’, ‘ಜ್ಞಾನಸ್ನಾನ’, ‘ಸ್ನಾನದೀಕ್ಷೆ’ ಎಂಬ ಯಾವ ಶಬ್ದವನ್ನಿಟ್ಟು ಓದಿದರೂ ಸಾಮಾನ್ಯ ಓದುಗನಿಗೆ ಅರ್ಥ ಹೊಳೆಯದು. ಸ್ನಾನಕ್ಕೇಕೆ ಸಂಕಟ? ಗ್ರೀಕ್ ಬಲ್ಲವನಿಗೆ ಹಡಗು ನೆನಪಾಗುತ್ತದೆ, ಜೆರಿಕೊವಿನ ಕೊಳ ನೆನಪಾಗುತ್ತದೆ, ಸಾಲದಲ್ಲಿ ಮುಳುಗಿದವನು ನೆನಪಾಗುತ್ತಾನೆ.

ನಮ್ಮ ಜಿಲ್ಲೆಯ ಕನ್ನಡದಲ್ಲಿ ಇದಕ್ಕೆ ಒಂದು ಮಾತಿದೆ. ಅದು ಯಾವ ಅನುವಾದಕನೂ ಬಳಸಿರದ ಮಾತು. ಕಾರಂಜಾ ಜಲಾಶಯಕ್ಕಾಗಿ ಹೊಲಮನೆ ಕಳೆದುಕೊಂಡವರನ್ನು ನಾವು ಮುಳುಗಡೆ ಸಂತ್ರಸ್ತರು ಎನ್ನುತ್ತೇವೆ. ಮುಳುಗಡೆಯಾದವನು ತಾನಾಗಿ ನೀರಿಗೆ ಇಳಿದವನಲ್ಲ. ನೀರು ಅವನ ಮೇಲೆ ಬಂದಿತು; ಅವನ ಹೊಲ, ಅವನ ಮನೆಯ ಹೊಸ್ತಿಲು, ಹಿರಿಯರ ಗೋರಿಗಳು ಎಲ್ಲವೂ ಕೆಳಗೆ ಉಳಿದವು. ಆತನು ಬೇರೆ ಊರಿನಲ್ಲಿ ಬೇರೆ ಮನುಷ್ಯನಾಗಿ ಬದುಕಬೇಕಾಯಿತು. ಮಾರ್ಕನ ಹತ್ತನೆಯ ಅಧ್ಯಾಯವನ್ನು ನಮ್ಮ ಜನರಿಗೆ ವಿವರಿಸುವಾಗ ನಾವು ಈ ಶಬ್ದವನ್ನೇ ಬಳಸುತ್ತೇವೆ. ಪ್ರಭುವಿಗೆ ಆದದ್ದು ಮುಳುಗಡೆ. ಆ ಇಬ್ಬರು ಸಹೋದರರು ‘ಆದೀತು’ ಎಂದು ಸುಲಭವಾಗಿ ಹೇಳಿಬಿಟ್ಟರು. ಯಕೋಬನಿಗೆ ಅದು ರಾಜ ಹೆರೋದ ಅಗ್ರಿಪ್ಪನ ಕತ್ತಿಯ ರೂಪದಲ್ಲಿ ಬಂದಿತು. ರೋಮನರಿಗೆ ಬರೆದ ಪತ್ರದ ಆರನೆಯ ಅಧ್ಯಾಯದಲ್ಲಿ ಸಂತ ಪೌಲನು, ಕ್ರಿಸ್ತಯೇಸುವಿನೊಳಕ್ಕೆ ಬಾಪ್ತಿಸ್ಮವಾದವರೆಲ್ಲರೂ ಅವರ ಮರಣದೊಳಕ್ಕೇ ಬಾಪ್ತಿಸ್ಮವಾದರು, ಅವರೊಡನೆ ಹೂಳಲ್ಪಟ್ಟರು ಎಂದು ಬೋಧಿಸುವಾಗ, ಈ ಕ್ರಿಯಾಪದದ ಭಾರವೆಲ್ಲವೂ ಆ ವಾಕ್ಯದಲ್ಲಿದೆ. ಅಲ್ಲಿ ಪ್ರಶ್ನೆ ಎಷ್ಟು ನೀರು ಎಂಬುದಲ್ಲ, ಯಾರೊಳಕ್ಕೆ ಎಂಬುದು.

ಆದಿ ಧರ್ಮಸಭೆ ನೀರಿನ ವಿಷಯದಲ್ಲಿ ಎಷ್ಟು ವಿವೇಕದಿಂದ ನಡೆದುಕೊಂಡಿತೆಂಬುದಕ್ಕೆ ‘ದಿದಖೆ’ ಎಂಬ ಪುರಾತನ ಗ್ರಂಥ ಸಾಕ್ಷಿ. ಬಹುಕಾಲ ಕಣ್ಮರೆಯಾಗಿದ್ದ ಈ ಕಿರುಪುಸ್ತಕದ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಫಿಲೊಥೆಯೊಸ್ ಬ್ರಿಯೆನ್ನಿಯೊಸ್ ಎಂಬ ವಿದ್ವಾಂಸರ ಕಣ್ಣಿಗೆ ಬಿದ್ದು, 1883ರಲ್ಲಿ ಅಚ್ಚಾಯಿತು. ಅದರ ಏಳನೆಯ ಅಧ್ಯಾಯದ ವಿಧಿ ಹೀಗಿದೆ: ಜೀವಜಲದಲ್ಲಿ, ಅಂದರೆ ಹರಿಯುವ ನೀರಿನಲ್ಲಿ ಸಂಸ್ಕಾರ ಕೊಡಬೇಕು. ಅದಿಲ್ಲದಿದ್ದರೆ ಬೇರೆ ನೀರು ಆದೀತು. ತಣ್ಣೀರಾಗದಿದ್ದರೆ ಬಿಸಿನೀರು. ಎರಡೂ ಸಾಲದಿದ್ದರೆ ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ತಲೆಯ ಮೇಲೆ ಮೂರು ಸಲ ಸುರಿದರಾಯಿತು. ಇದನ್ನು ಬರೆದವರು ಪ್ರೇಷಿತರ ಕಾಲಕ್ಕೆ ತೀರ ಹತ್ತಿರದವರು, ಬಾಪ್ತೀಜೊ ಎಂಬ ಶಬ್ದವನ್ನು ತಾಯಿನುಡಿಯಂತೆ ಆಡುತ್ತಿದ್ದವರು. ಸುರಿಯಿರಿ ಎಂದು ವಿಧಿಸುವಾಗ ಅವರಿಗೆ ಶಬ್ದದ ಅರ್ಥ ತಿಳಿದಿರಲಿಲ್ಲವೇ? ಬೇಸಿಗೆಯಲ್ಲಿ ಕೊಡ ನೀರಿಗಾಗಿ ಕಾದು ನಿಲ್ಲುವ ನಮ್ಮ ತಾಲೂಕಿನವರಿಗೆ ಆ ವಿಧಿಯ ಕರುಣೆ ಬೇಗ ಅರ್ಥವಾಗುತ್ತದೆ. ಬೀದರಿನ ಹಿಂದಿನ ಸುಲ್ತಾನರು ನೆಲದಡಿಯಲ್ಲಿ ಕರೇಜ್ ಎಂಬ ಸುರಂಗಗಳನ್ನು ಕೊರೆಸಿ ನೀರನ್ನು ಹರಿಸಿದ್ದು ಸುಮ್ಮನಲ್ಲ.

ಕ್ರಿ.ಶ. 200ರ ಸುಮಾರಿಗೆ ಉತ್ತರ ಆಫ್ರಿಕದ ತೆರ್ತುಲ್ಲಿಯನನು ತನ್ನ ಕಾಲದಲ್ಲಿ ಮೂರು ಸಲ ಮುಳುಗಿಸುತ್ತಿದ್ದರೆಂದು ತಿಳಿಸುತ್ತಾನೆ. ಸಮುದ್ರವೋ ಕೆರೆಯೋ ನದಿಯೋ ಬುಗ್ಗೆಯೋ ಎಂಬುದರಿಂದ ಭೇದವಿಲ್ಲವೆಂದೂ ಬರೆಯುತ್ತಾನೆ. ಸಿರಿಯದ ದೂರಾ-ಯುರೋಪೊಸ್ ಎಂಬಲ್ಲಿ 1930ರ ದಶಕದಲ್ಲಿ ಅಗೆದಾಗ, ಮೂರನೆಯ ಶತಮಾನದ ಮನೆ-ದೇವಾಲಯವೊಂದು ಹೊರಬಂತು. ಅದರ ಸ್ನಾನಕುಂಡದ ಆಳ ಸುಮಾರು ಒಂದು ಮೀಟರು ಮಾತ್ರ. ಅದೇ ಶತಮಾನದಲ್ಲಿ ಕಾರ್ಥೇಜಿನ ಧರ್ಮಾಧ್ಯಕ್ಷರಾದ ಸಂತ ಸಿಪ್ರಿಯನರಿಗೆ ಒಂದು ಪ್ರಶ್ನೆ ಬಂತು: ರೋಗಶಯ್ಯೆಯಲ್ಲಿ ಮಲಗಿದವರ ಮೇಲೆ ನೀರನ್ನು ಚಿಮುಕಿಸಿದ್ದು ಮಾತ್ರ, ಅವರು ಪೂರ್ಣ ಕ್ರೈಸ್ತರೇ? ಹೌದೆಂದು ಸಿಪ್ರಿಯನರು ಉತ್ತರಿಸಿದರು. ಶುದ್ಧಜಲವನ್ನು ಪ್ರೋಕ್ಷಿಸುವೆನೆಂಬ ಪ್ರವಾದಿ ಯೆಜೆಕಿಯೇಲನ ವಾಗ್ದಾನವನ್ನು ಅದಕ್ಕೆ ಆಧಾರವಾಗಿ ತೋರಿಸಿದರು. ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಮುಳುಗಿಸುವ ರೂಢಿಯೇ ಹೆಚ್ಚು ಸಾಮಾನ್ಯವೆಂದು ಹೇಳುತ್ತಲೇ ಸುರಿಯುವುದೂ ಚಿಮುಕಿಸುವುದೂ ಸಿಂಧುವೆಂದು ಬರೆದರು. 1983ರ ಧರ್ಮಸಭಾ ಸಂಹಿತೆ ಮುಳುಗಿಸುವುದು, ಸುರಿಯುವುದು ಎರಡನ್ನೂ ವಿಧಿಸುತ್ತದೆ. ಮುಳುಗಿಸುವುದು ನಮಗೆ ಪರಕೀಯವೆಂದು ತಿಳಿದವರು ಇದನ್ನು ಗಮನಿಸಬೇಕು.

ಇನ್ನು ಭಾಷಾಂತರದ ಕಥೆ. ಲತೀನಿನವರಿಗೆ ಅದ್ದು, ಮುಳುಗಿಸು ಎಂಬ ತಮ್ಮವೇ ಶಬ್ದಗಳಿದ್ದರೂ ಕೊನೆಗೆ ಗ್ರೀಕ್ ಶಬ್ದವನ್ನೇ ಇಟ್ಟುಕೊಂಡರು; ಸಂತ ಜೆರೋಮರ ಅನುವಾದದಲ್ಲಿಯೂ ಹಾಗೆಯೇ. ಸಿರಿಯಕ್ ಭಾಷಿಕರು ತಮ್ಮ ಸ್ವಂತ ಶಬ್ದವನ್ನು ಬಳಸಿದರು. ಕೇರಳದ ಸಂತ ತೋಮಸ್ ಕ್ರೈಸ್ತರ ‘ಮಾಮೋದೀಸ’ ಅಲ್ಲಿಂದ ಬಂದದ್ದು. ಕರಾವಳಿಯ ಕೊಂಕಣಿ ಕಥೋಲಿಕರಲ್ಲಿ ಪೋರ್ತುಗೀಸರ ಮೂಲಕ ಬಂದ ಗ್ರೀಕ್ ರೂಪವಿದೆ. ಭಾರತದಲ್ಲಿ ಈ ಒಂದು ಶಬ್ದಕ್ಕಾಗಿ ದೊಡ್ಡ ಜಗಳವೇ ನಡೆಯಿತೆಂದರೆ ಹಲವರಿಗೆ ಆಶ್ಚರ್ಯವಾದೀತು. ಬಂಗಾಳದಲ್ಲಿದ್ದ ಬ್ಯಾಪ್ಟಿಸ್ಟ್ ಮಿಷನರಿಗಳು ಬೈಬಲನ್ನು ದೇಶಭಾಷೆಗಳಿಗೆ ತರುವಾಗ ಬಾಪ್ತೀಜೊ ಇದ್ದಲ್ಲೆಲ್ಲ ಮುಳುಗಿಸುವುದು ಎಂಬರ್ಥದ ಶಬ್ದವನ್ನೇ ಹಾಕಿದರು. ಇತರ ಪಂಗಡಗಳಿಗೆ ಇದು ಒಪ್ಪಿಗೆಯಾಗಲಿಲ್ಲ. 1830ರ ದಶಕದಲ್ಲಿ ಲಂಡನ್ನಿನ ಬೈಬಲ್ ಸೊಸೈಟಿ ಅಂಥ ಬಂಗಾಳಿ ಅನುವಾದಕ್ಕೆ ಹಣ ಕೊಡಲು ನಿರಾಕರಿಸಿತು. ಬ್ಯಾಪ್ಟಿಸ್ಟರು ಸಿಟ್ಟಾಗಿ 1840ರಲ್ಲಿ ಪ್ರತ್ಯೇಕ ಭಾಷಾಂತರ ಸಂಘವನ್ನೇ ಕಟ್ಟಿಕೊಂಡರು. ಅಮೆರಿಕದಲ್ಲಿಯೂ ಇದೇ ಕಾರಣದಿಂದ 1836ರಲ್ಲಿ ಬೈಬಲ್ ಸಂಘ ಒಡೆಯಿತು. ಮಿಕ್ಕವರ ನೀತಿ, ಜಗಳದ ಶಬ್ದವನ್ನು ಅನುವಾದಿಸದೆ ಗ್ರೀಕ್ ರೂಪದಲ್ಲಿಯೇ ಬಿಡುವುದು. ನಮ್ಮ ನೆರೆಯ ಮರಾಠಿ, ತೆಲುಗು, ಉರ್ದು ಬೈಬಲುಗಳ ಬಾಪ್ತಿಸ್ಮ ಈ ನೀತಿಗೆ ಹೊಂದಿಕೊಂಡೇ ಇದೆ. ಕನ್ನಡದಲ್ಲಿಯೂ ಬಾಪ್ತಿಸ್ಮವೆಂದೇ ಇಟ್ಟುಕೊಂಡ ಬೈಬಲುಗಳುಂಟು. ಅದರಲ್ಲಿ ದೋಷವಿಲ್ಲ, ಆದರೆ ಹಳ್ಳಿಯವನಿಗೆ ಆ ಶಬ್ದ ಬರಿಯ ಸದ್ದು. ಬಲ್ಲವನು ಬಂದು ಇದರರ್ಥ ಇದು ಎಂದು ಹೇಳಿದರೆ ನಂಬಬೇಕಷ್ಟೆ. ಇಂದು ನಮ್ಮ ಗ್ರಾಮಗಳಲ್ಲಿ ನಡೆಯುತ್ತಿರುವುದೂ ಅದೇ.

ಕಥೋಲಿಕರ ದಾರಿ ಬೇರೆಯಾಗಿತ್ತು. 1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರೊಬೆರ್ತೊ ದೆ ನೊಬಿಲಿಯವರೂ ಅವರ ಬಳಿಕ ಬಂದವರೂ ಕ್ರೈಸ್ತ ಧರ್ಮದ ಮಾತುಗಳನ್ನು ಈ ದೇಶದ ಶಬ್ದಗಳಿಂದ ಕಟ್ಟಲು ಶ್ರಮಿಸಿದರು. ತಮಿಳು ಕ್ರೈಸ್ತರ ಬಳಕೆಯಲ್ಲಿ ಜ್ಞಾನ ಎಂದರೆ ಬರಿಯ ತಿಳಿವಳಿಕೆಯಲ್ಲ, ಆಧ್ಯಾತ್ಮಿಕವಾದದ್ದು ಎಂಬರ್ಥ. ಜ್ಞಾನೋಪದೇಶ, ಜ್ಞಾನತಂದೆ, ಜ್ಞಾನತಾಯಿ ಎಂಬ ಮಾತುಗಳು ನಮ್ಮಲ್ಲಿಯೂ ಉಳಿದಿವೆ. ಹದಿನೇಳನೆಯ ಶತಮಾನದ ಮಧ್ಯದಲ್ಲಿ ಲೆಯೊನಾರ್ದೊ ಚಿನ್ನಮಿಯವರು ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಪ್ರಾರಂಭಿಸಿ ಕನ್ನಡ ಕಲಿತು ಕನ್ನಡದಲ್ಲಿ ಬರೆದರು. ಜ್ಞಾನಸ್ನಾನ ಈ ದಕ್ಷಿಣದ ಪರಂಪರೆಯ ಶಬ್ದ. ತೆಲುಗು ಕಥೋಲಿಕರಲ್ಲಿಯೂ ಇದೇ ಇದೆ. ನಮ್ಮ ಪ್ರದೇಶವು 2005ರಲ್ಲಿ ಗುಲ್ಬರ್ಗ ಧರ್ಮಕ್ಷೇತ್ರವಾಗುವ ತನಕ ಹೈದರಾಬಾದಿಗೆ ಸೇರಿದ್ದರಿಂದ ತೆಲುಗಿನ ಬಳಕೆಯೂ ಅದಕ್ಕೆ ಬೆಂಬಲವಾಗಿ ನಿಂತಿತು.

ಶಬ್ದಶಃ ನೋಡಿದರೆ ಜ್ಞಾನಸ್ನಾನದಲ್ಲಿ ಮುಳುಗಿಸುವುದರ ಸುಳಿವೇ ಇಲ್ಲ. ಆದರೆ ಎರಡನೆಯ ಶತಮಾನದ ಮಧ್ಯದಲ್ಲಿ ಸಂತ ಜಸ್ಟಿನರು ಈ ಸ್ನಾನಕ್ಕೆ ‘ಫೋತಿಸ್ಮೊಸ್’, ಅಂದರೆ ಜ್ಞಾನೋದಯ, ಬೆಳಗುವಿಕೆ ಎಂಬ ಹೆಸರಿದೆಯೆಂದು ಬರೆದಿದ್ದಾರೆ. ತೀತನಿಗೆ ಬರೆದ ಪತ್ರದಲ್ಲಿ ಅದು ‘ಲೂತ್ರೊನ್’, ಸ್ನಾನ. ಒಂದನ್ನು ಇನ್ನೊಂದರ ಮುಂದಿಟ್ಟರೆ ಜ್ಞಾನಸ್ನಾನವೇ ಆಗುತ್ತದೆ! ದೀಕ್ಷಾಸ್ನಾನದ ಸೊಗಸು ಬೇರೆ. ಬಸವಕಲ್ಯಾಣ ಇರುವ ಈ ಜಿಲ್ಲೆಯಲ್ಲಿ ದೀಕ್ಷೆ ಎಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಲಿಂಗದೀಕ್ಷೆ ಪಡೆದವನ ಬದುಕು ಬದಲಾಯಿತೆಂದು ನಮ್ಮ ನೆರೆಯವರು ಬಲ್ಲರು. ವ್ಯಾಕರಣದ ದೃಷ್ಟಿಯಿಂದ, ದೀಕ್ಷಾಸ್ನಾನ ಎಂದಾಗ ಅದು ಒಂದು ಬಗೆಯ ಸ್ನಾನ. ಸ್ನಾನದೀಕ್ಷೆ ಎಂದಾಗ ಅದು ಒಂದು ಬಗೆಯ ದೀಕ್ಷೆ. ಸಮಾಸದ ಉತ್ತರಪದವೇ ಪ್ರಧಾನವಾದ್ದರಿಂದ, ದೀಕ್ಷೆಯನ್ನು ಕೊನೆಗಿಟ್ಟ ಸ್ನಾನದೀಕ್ಷೆ ಹೆಚ್ಚು ಸಮರ್ಪಕವೆಂದು ನಮ್ಮ ಅಭಿಪ್ರಾಯ. ಆದರೆ ಅಜ್ಜಿಯರ ಬಾಯಿಂದ ಜ್ಞಾನಸ್ನಾನವನ್ನು ಕಿತ್ತುಹಾಕುವ ಉತ್ಸಾಹ ನಮಗಿಲ್ಲ.

ತಮಿಳಿನ ಹೊಸ ಅನುವಾದದವರು ‘ತಿರುಮುಳುಕ್ಕು’ ಎಂದು, ನಮ್ಮ ಮುಳುಗುವಿನ ಒಡಹುಟ್ಟನ್ನೇ ಬಳಸಿದ್ದಾರೆ. ಕನ್ನಡದಲ್ಲಿ ಅದು ಏಕೆ ಆಗಲಿಲ್ಲ? ಕನ್ನಡದಲ್ಲಿ ಮನೆ ಮುಳುಗಿತು ಎಂದರೆ ಹಾಳಾಯಿತು. ಮುಳುಗಿಸಿದ ಎಂದರೆ ಮೋಸ ಮಾಡಿದ. ಮುಳುಗಿಸುವ ಯೊವಾನ್ನ ಎಂದು ಬರೆದಿದ್ದರೆ ಜನ ಅವನ ಬಳಿ ಹಣಕಾಸಿನ ವ್ಯವಹಾರ ಮಾಡುತ್ತಿರಲಿಲ್ಲ. ಇದಕ್ಕಿಂತ ಮುಖ್ಯವಾದ ಕಾರಣವೊಂದು ನಮ್ಮ ಬಚ್ಚಲುಮನೆಯಲ್ಲಿಯೇ ಇದೆ. ನಮ್ಮ ಸೀಮೆಯಲ್ಲಿ ಸ್ನಾನವೆಂದರೆ ಎರೆದುಕೊಳ್ಳುವುದು. ತಾಯಿ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ತಂಬಿಗೆಯಿಂದ ನೀರು ಎರೆಯುತ್ತಾಳೆ. ಎರೆ ಎಂಬ ಒಂದೇ ಧಾತುವಿಗೆ ಸುರಿ ಎಂದೂ ಮೀಯಿಸು ಎಂದೂ ಅರ್ಥ. ಎರೆದ ಮಗು ಮಿಂದ ಮಗು. ಹೊಂಡದಲ್ಲಿ ಅದ್ದಲಿಲ್ಲವೆಂದು ಅದಕ್ಕೆ ಸ್ನಾನವಾಗಿಲ್ಲವೆನ್ನುವವರು ಯಾರೂ ಇಲ್ಲ. ಅಲ್ಲದೆ ಎರೆಸಿಕೊಳ್ಳುವ ಮಗುವಿಗೆ ತನ್ನದೆಂಬ ಪ್ರಯತ್ನ ಏನೂ ಇಲ್ಲ. ಮೂಲದ ಕರ್ಮಣಿ ಪ್ರಯೋಗದಲ್ಲಿ ಅಡಗಿರುವುದು ಇದೇ ಅಲ್ಲವೇ?

ಆದ್ದರಿಂದ ಕೆರೆಗೆ ಕರೆದವರಿಗೆ ನಮ್ಮ ಜನರು ಕೊಡಬೇಕಾದ ಉತ್ತರ ಕಠಿಣವಾದದ್ದಲ್ಲ. ನೀವು ಹೇಳುವ ಅರ್ಥ ಶಬ್ದದಲ್ಲಿದೆ, ಆದರೆ ಅದೊಂದೇ ಇಲ್ಲ. ಒಬ್ಬರೇ ಪ್ರಭು, ಒಂದೇ ವಿಶ್ವಾಸ, ಒಂದೇ ಸ್ನಾನದೀಕ್ಷೆ ಎಂಬ ಎಫೆಸದವರ ಪತ್ರದ ಬೋಧನೆಯನ್ನು ನಾವು ಮೀರಲಾರೆವು ಎಂದರೆ ಸಾಕು. ಮುಳುಗಿಸಿಕೊಂಡವರನ್ನು ಹೀಯಾಳಿಸುವುದೂ ನಮಗೆ ಸಲ್ಲದು. ಕ್ರಿ.ಶ. 256ರ ಸುಮಾರಿಗೆ, ಧರ್ಮಸಭೆಯಿಂದ ಬೇರೆಯಾದವರು ಕೊಟ್ಟ ಸ್ನಾನವನ್ನು ಮತ್ತೆ ಕೊಡಬೇಕೆಂದು ಸಿಪ್ರಿಯನರು ವಾದಿಸಿದಾಗ, ಜಗದ್ಗುರು ಸ್ತೇಫಾನರು ಬೇಡವೆಂದರು. ಧರ್ಮಸಭೆ ಸ್ತೇಫಾನರ ಮಾತನ್ನು ಹಿಡಿಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಈ ಜಿಲ್ಲೆಯಲ್ಲಿ ಬೇರೂರಿರುವ ಮೆಥೋಡಿಸ್ಟ್ ಸಭೆಯಿಂದ ಮದುವೆಯಾಗಿ ಬಂದ ಸೊಸೆಯಂದಿರು ನೀರಿನಿಂದ, ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ದೀಕ್ಷಾಸ್ನಾನ ಪಡೆದಿದ್ದರೆ, ನಾವು ಅವರಿಗೆ ಮತ್ತೆ ನೀರೆರೆಯದಿರುವುದು ಈ ಕಾರಣದಿಂದ. ಪ್ರಮಾಣಪತ್ರ ತಂದರೆ ಸಾಕು. ಅದರ ಮೇಲೆ ಯಾವ ಹೆಸರು ಅಚ್ಚಾಗಿದ್ದರೂ ನಮ್ಮ ಅಡ್ಡಿಯಿಲ್ಲ.

ಪಾಸ್ಖ ಜಾಗರಣೆಯ ರಾತ್ರಿ ಗುರುವು ನೀರನ್ನು ಆಶೀರ್ವದಿಸುವಾಗ ದೊಡ್ಡ ಮೇಣದ ಬತ್ತಿಯನ್ನು ನೀರಿನೊಳಗೆ ಇಳಿಸಿ, ಕ್ರಿಸ್ತರೊಡನೆ ಹೂಳಲ್ಪಟ್ಟವರು ಅವರೊಡನೆ ಏಳಲೆಂದು ಪ್ರಾರ್ಥಿಸಿ, ಮತ್ತೆ ಮೇಲಕ್ಕೆತ್ತುತ್ತಾನೆ. ಬಾಪ್ತೀಜೊ ಎಂಬ ಕ್ರಿಯಾಪದವನ್ನು ಕಣ್ಣಿನಿಂದ ನೋಡಬೇಕೆನ್ನುವವರು ಆ ಹೊತ್ತಿನಲ್ಲಿ ಮುಂದಿನ ಸಾಲಿಗೆ ಬಂದು ನಿಲ್ಲಬಹುದು. ಮಕ್ಕಳನ್ನೂ ಕರೆತನ್ನಿ, ಆ ವೇಳೆಗೆ ಅವರು ಸಾಮಾನ್ಯವಾಗಿ ಹಿಂದಿನ ಚಾಪೆಗಳ ಮೇಲೆ ನಿದ್ದೆ ಹೋಗಿರುತ್ತಾರೆ.